ಅಕ್ರಾಗೆ ಕೆಲಸದ ಮೇಲೆ ಹೋಗುವವರಿಗೆ

ಔಷಧ ರಫ್ತು ಮಾಡುವ ಒಂದು ಸಣ್ಣ ಕಂಪನಿಯಲ್ಲಿ ನನ್ನ ಕೆಲಸ. ಘಾನಾದ ರಾಜಧಾನಿ ಅಕ್ರಾಗೆ ಆಗಾಗ ಹೋಗಬೇಕಾಗುತ್ತದೆ. ಔಷಧ ನೋಂದಣಿಯ ಸರ್ಕಾರಿ ಕಚೇರಿ, ವಿತರಕರ ಗೋದಾಮು, ಒಕೈಶಿಯ ಸಗಟು ಔಷಧ ಮಾರುಕಟ್ಟೆ, ಮತ್ತೆ ಹೋಟೆಲು. ಈಚೆಗೆ ನಮ್ಮಂಥದೇ ಇನ್ನೊಂದು ಕಂಪನಿಯವರು ಹೊಸದಾಗಿ ಸೇರಿದ ಹುಡುಗನೊಬ್ಬನನ್ನು ಅಲ್ಲಿಗೆ ಕಳಿಸಿದರು. ಅವನ ಹತ್ತಿರ ಇದ್ದದ್ದು ವೀಸಾ, ಹೋಟೆಲ್ ಬುಕಿಂಗ್, ಜೊತೆಗೆ "ತಲುಪಿದ ಮೇಲೆ ಫೋನ್ ಮಾಡು" ಅನ್ನುವ ಒಂದು ಮಾತು. ಯಾರಿಗೆ ಮಾಡಬೇಕು, ಎಷ್ಟು ಹೊತ್ತಿಗೆ, ಫೋನ್ ಬರದೇ ಹೋದರೆ ಇಲ್ಲಿದ್ದವರು ಏನು ಮಾಡಬೇಕು, ಇದನ್ನು ಯಾರೂ ಯೋಚಿಸಿರಲಿಲ್ಲ. ಅವನು ಚೆನ್ನಾಗಿಯೇ ವಾಪಸ್ ಬಂದ. ಆದರೂ ನನಗೆ ಸಿಟ್ಟು ಇಳಿದಿಲ್ಲ. ದೊಡ್ಡ ಕಂಪನಿಗಳಲ್ಲಿ ಇದಕ್ಕೇ ಒಂದು ವಿಭಾಗ ಇರುತ್ತದೆ. ನಮ್ಮಲ್ಲಿ ಇಲ್ಲ. ಹಾಗಂತ ಒಂದು ಹಾಳೆಯಷ್ಟೂ ಬರೆದು ಕೊಡದೆ ಕಳಿಸುವುದಾ?

ಮೊದಲಿಗೆ, "ಪಶ್ಚಿಮ ಆಫ್ರಿಕಾ" ಅಂತ ಎಲ್ಲಕ್ಕೂ ಒಂದೇ ಪ್ಲಾನ್ ಮಾಡಬೇಡಿ. 2015ರ ನವೆಂಬರ್ 20ರಂದು ಮಾಲಿಯ ಬಮಾಕೊದಲ್ಲಿ ರಾಡಿಸನ್ ಬ್ಲೂ ಹೋಟೆಲ್ ಮೇಲೆ ದಾಳಿ ಆಯಿತು. 2016ರ ಜನವರಿ 15ರಂದು ಬುರ್ಕಿನಾ ಫಾಸೊದ ವಾಗಡೂಗುವಿನಲ್ಲಿ ಸ್ಪ್ಲೆಂಡಿಡ್ ಹೋಟೆಲ್ ಮೇಲೆ. ಅದೇ ಮಾರ್ಚ್‌ನಲ್ಲಿ ಐವರಿ ಕೋಸ್ಟ್‌ನ ಗ್ರ್ಯಾಂಡ್ ಬಸಾಮ್ ಬೀಚಿನಲ್ಲಿ. 2025ರ ಜುಲೈ 1ರಂದು ಮಾಲಿಯ ಕಾಯೆಸ್‌ನಲ್ಲಿ ಸಿಮೆಂಟ್ ಕಾರ್ಖಾನೆಯಿಂದ ಮೂವರು ಭಾರತೀಯರನ್ನು ಅಪಹರಿಸಿದರು. ಅಕ್ರಾದಲ್ಲಿ ಇಂಥ ಉಗ್ರರ ದಾಳಿ ನಡೆದಿಲ್ಲ. ಅಲ್ಲಿ ದೊಡ್ಡ ಅನಾಹುತ ಆದದ್ದು ಮಳೆಯಿಂದ. 2015ರ ಜೂನ್ 3ರ ರಾತ್ರಿ ಪ್ರವಾಹ ಬಂತು. ಕ್ವಾಮೆ ಎನ್‌ಕ್ರುಮಾ ಸರ್ಕಲ್ ಹತ್ತಿರದ ಪೆಟ್ರೋಲ್ ಬಂಕಿನಲ್ಲಿ ಎಷ್ಟೋ ಜನ ಮಳೆಗೆ ನಿಂತಿದ್ದರು. ಬಂಕ್ ಸ್ಫೋಟಗೊಂಡಿತು. ಆ ರಾತ್ರಿ 150ಕ್ಕೂ ಹೆಚ್ಚು ಜನ ಸತ್ತರು. ಹಾಗಾಗಿ ಮೇ, ಜೂನ್‌ನಲ್ಲಿ ಹೋಗುವವರು ಮೋಡ ಕಟ್ಟಿದರೆ ಮೀಟಿಂಗ್ ಮುಂದಕ್ಕೆ ಹಾಕಿ, ಎತ್ತರದ ಜಾಗದಲ್ಲಿ ಇರಿ. ನಿಮ್ಮ ಕೆಲಸ ಘಾನಾದ ಉತ್ತರ ತುದಿಯಲ್ಲಿ, ಬವ್ಕು ಕಡೆಯೋ ಬುರ್ಕಿನಾ ಗಡಿಯ ಕಡೆಯೋ ಇದ್ದರೆ ಈ ಬರಹ ಸಾಲದು. ಅದಕ್ಕೆ ಬೇರೆಯೇ ತಯಾರಿ ಬೇಕು.

ಅಕ್ರಾದಲ್ಲಿ ನಾನು ಅತಿ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಕಾರಿನ ಬಗ್ಗೆ.

ಅಕ್ರಾದ ವಿಮಾನ ನಿಲ್ದಾಣ ಊರೊಳಗೇ ಇದೆ. ಅಂತರರಾಷ್ಟ್ರೀಯ ವಿಮಾನಗಳು ಟರ್ಮಿನಲ್ 3ಕ್ಕೆ ಬರುತ್ತವೆ. ಹೊರಗೆ ಬಂದ ತಕ್ಷಣ ನಿಮ್ಮ ಟ್ರಾಲಿಗೆ ಕೈ ಹಾಕುವವರು, ಟ್ಯಾಕ್ಸಿ ಬೇಕಾ ಅನ್ನುವವರು ಸುತ್ತುವರಿಯುತ್ತಾರೆ. ಬಹಳಷ್ಟು ಜನ ಹೊಟ್ಟೆಪಾಡಿಗೆ ಬಂದವರು. ಆದರೆ ಹೊಸಬರಿಗೆ ಯಾರು ಯಾರು ಅಂತ ಗೊತ್ತಾಗುವುದಿಲ್ಲ, ಅಲ್ವಾ? ಅದಕ್ಕೆ ಹೊರಡುವ ಮೊದಲೇ ವಿತರಕರಿಂದ ಅಥವಾ ಹೋಟೆಲಿನಿಂದ ಡ್ರೈವರ್ ಫೋಟೊ, ಫೋನ್ ನಂಬರ್, ಗಾಡಿ ನಂಬರ್ ತರಿಸಿಕೊಳ್ಳಿ. ಬೋರ್ಡಿನ ಮೇಲೆ ನಿಮ್ಮ ಪೂರ್ತಿ ಹೆಸರು, ಕಂಪನಿ ಹೆಸರು ಬೇಡ. ಅದನ್ನು ಯಾರು ಬೇಕಾದರೂ ಓದಿ, ಇನ್ನೊಂದು ಹಾಳೆಯಲ್ಲಿ ಬರೆದುಕೊಂಡು ನಿಲ್ಲಬಹುದು. ನೀವು, ಡ್ರೈವರ್ ಇಬ್ಬರೇ ಮೊದಲೇ ಒಪ್ಪಿಕೊಂಡ ಒಂದು ಪದ ಸಾಕು. ಹತ್ತಿರ ಹೋದಾಗ "ಯಾರಿಗೆ ಕಾಯ್ತಾ ಇದ್ದೀರಿ?" ಅಂತ ನೀವೇ ಕೇಳಿ. ಹೆಸರು ಅವರ ಬಾಯಿಂದ ಮೊದಲು ಬರಬೇಕು.

ನಾನು ಹೋದಾಗ ಬರುವ ಡ್ರೈವರ್ ಟೆಮಾ ಕಡೆಯವರು. ಅವರನ್ನು ನೋಡಿಯೇ ಎಷ್ಟೋ ಕಲಿತೆ. ಗಾಡಿ ಹೊರಡಿಸುವ ಮುಂಚೆ ಹಿಂದಕ್ಕೆ ಕೈ ಚಾಚಿ ನಾಲ್ಕೂ ಬಾಗಿಲಿನ ಲಾಕ್ ಮುಟ್ಟಿ ನೋಡುತ್ತಾರೆ. ಸಿಗ್ನಲ್‌ನಲ್ಲಿ ಮುಂದಿನ ಗಾಡಿಗೆ ಅಂಟಿಕೊಂಡು ನಿಲ್ಲುವುದಿಲ್ಲ, ಪಕ್ಕಕ್ಕೆ ಎಳೆದುಕೊಂಡು ಹೋಗುವಷ್ಟು ಜಾಗ ಬಿಡುತ್ತಾರೆ. ರಾತ್ರಿ ಪೊಲೀಸ್ ತಡೆ ಕಂಡರೆ ದೂರದಿಂದಲೇ ಹೆಡ್‌ಲೈಟ್ ತಗ್ಗಿಸಿ ಒಳಗಿನ ದೀಪ ಹಾಕುತ್ತಾರೆ. ನಮ್ಮ ಮುಖ, ಕೈ ಎರಡೂ ಹೊರಗಿನವರಿಗೆ ಕಾಣಬೇಕು ಅಂತ. ಗಾಜು ಅರ್ಧ ಇಳಿಸಿ "ಗುಡ್ ಈವನಿಂಗ್, ಆಫೀಸರ್" ಅನ್ನುತ್ತಾರೆ. ನನ್ನ ಕೆಲಸ ಸುಮ್ನೆ ಕೂತು, ಕೇಳಿದರೆ ಪಾಸ್‌ಪೋರ್ಟ್ ಪ್ರತಿ ತೋರಿಸುವುದು ಮಾತ್ರ. ವಾದ ಇಲ್ಲ, ಫೋನಿನಲ್ಲಿ ಚಿತ್ರೀಕರಣ ಇಲ್ಲ.

ಗಾಡಿ ಇಲ್ಲದ ಹೊತ್ತಿನಲ್ಲಿ ಬೋಲ್ಟ್, ಊಬರ್, ಯಾಂಗೊ ಸಿಗುತ್ತವೆ. ಗಾಡಿಯ ನಂಬರ್ ಪ್ಲೇಟ್ ಆ್ಯಪಿನಲ್ಲಿ ತೋರಿಸಿದ ನಂಬರಿಗೆ ಹೊಂದದಿದ್ದರೆ ಹತ್ತಬೇಡಿ. "ಆ ಗಾಡಿ ರಿಪೇರಿ, ಇದರಲ್ಲಿ ಬಂದೆ" ಅಂದರೂ ಬೇಡ. ನಾಲ್ಕು ಮೂಲೆಗೂ ಹಳದಿ ಬಣ್ಣ ಹೊಡೆದ ಟ್ಯಾಕ್ಸಿಗಳಲ್ಲಿ ಮೀಟರ್ ಇರುವುದಿಲ್ಲ, ಹತ್ತುವ ಮೊದಲೇ ದರ ಮಾತಾಡಬೇಕು. ಹಗಲು ಪರವಾಗಿಲ್ಲ. ರಾತ್ರಿ, ಒಳಗೆ ಈಗಾಗಲೇ ಇನ್ನೊಬ್ಬರು ಕೂತಿದ್ದರೆ ಖಂಡಿತ ಬೇಡ. ಒಕಾಡಾ ಅನ್ನುವ ಬೈಕ್ ಟ್ಯಾಕ್ಸಿಯನ್ನಂತೂ ಮರೆತುಬಿಡಿ.

ಇನ್ನೊಂದು, ಯಾರೂ ಹೇಳದ ವಿಷಯ. ಘಾನಾದಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡುತ್ತವೆ. ಮೊದಲು ನಮ್ಮ ಹಾಗೇ ಎಡಕ್ಕೆ ಇತ್ತು, 1974ರ ಆಗಸ್ಟ್ 4ರಿಂದ ಬದಲಾಯಿಸಿದರು. ನಮ್ಮ ಕುತ್ತಿಗೆ ಅಭ್ಯಾಸದಿಂದ ಮೊದಲು ಬಲಕ್ಕೆ ತಿರುಗುತ್ತದೆ. ಗಾಡಿ ಬರುವುದು ಎಡದಿಂದ. ಮೀಟಿಂಗ್ ಮುಗಿಸಿ ಫೋನ್ ನೋಡುತ್ತಾ ರಸ್ತೆಗೆ ಇಳಿಯುವ ಆ ಒಂದು ಕ್ಷಣ ನನಗೆ ಕಳ್ಳರಿಗಿಂತ ಜಾಸ್ತಿ ಹೆದರಿಕೆ ಹುಟ್ಟಿಸುತ್ತದೆ. ರಸ್ತೆ ಪಕ್ಕದ ಚರಂಡಿಗಳು ಎಷ್ಟೋ ಕಡೆ ಆಳವಾಗಿವೆ, ಮೇಲೆ ಚಪ್ಪಡಿ ಇಲ್ಲ. ಕರೆಂಟ್ ಹೋದಾಗ, ಅಲ್ಲಿನವರು ಡುಮ್ಸೋರ್ ಅನ್ನುತ್ತಾರೆ, ಅವು ಕಾಣುವುದೇ ಇಲ್ಲ. ಚಿಕ್ಕ ಟಾರ್ಚ್ ಒಂದು ಜೇಬಿನಲ್ಲಿರಲಿ. ಘಾನಾದ ಇನ್ನೊಂದು ದೊಡ್ಡ ಊರು ಕುಮಾಸಿಗೆ ಅಕ್ರಾದಿಂದ ಸುಮಾರು 250 ಕಿಲೋಮೀಟರ್. ಆ ರಸ್ತೆಯಲ್ಲಿ ಕತ್ತಲಾದ ಮೇಲೆ ಹೋಗುವುದಿಲ್ಲ ಅಂತ ಕಂಪನಿಯಲ್ಲೇ ಬರೆದಿಡಿ. ವಿಮಾನ ಇದೆ, ಒಂದು ಗಂಟೆಯೂ ಬೇಡ.

ಈಗ ಆ ಹಾಳೆ. ಹೋಗುವವರ ಹತ್ತಿರವೂ ಇಲ್ಲಿ ಮನೆಯವರ ಹತ್ತಿರವೂ ಇರಬೇಕಾದದ್ದು.

ಅಕ್ರಾ ನಮಗಿಂತ ಐದೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ 9ಕ್ಕೆ "ಹೋಟೆಲ್ ತಲುಪಿದೆ" ಅಂತ ಮೆಸೇಜ್ ಹಾಕಿದರೆ ಇಲ್ಲಿ ಬೆಳಗಿನ ಜಾವ 2:30. ಯಾರು ಎದ್ದು ನೋಡುತ್ತಾರೆ? ಬರದಿದ್ದರೆ ತಾನೇ ಯಾರಿಗೆ ಗೊತ್ತಾಗುತ್ತದೆ? ಅದಕ್ಕೆ ನಾವು ಎರಡು ಹೊತ್ತು ಇಟ್ಟುಕೊಂಡಿದ್ದೇವೆ. ಅಲ್ಲಿನ ಬೆಳಗ್ಗೆ 7, ಅಂದರೆ ನಮ್ಮ ಮಧ್ಯಾಹ್ನ 12:30. ಅಲ್ಲಿನ ಸಂಜೆ 5, ಅಂದರೆ ನಮ್ಮ ರಾತ್ರಿ 10:30. ಸಂಜೆ 5 ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಅಲ್ಲಿ ವರ್ಷವಿಡೀ 6ರ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ, ಕತ್ತಲು ಬೇಗ ಕವಿಯುತ್ತದೆ. ಆ ಮೆಸೇಜ್ ಹಾಕುವಾಗ ದಿನದ ಕೊನೆಯ ಪ್ರಯಾಣ ಶುರುವಾಗಿರಬೇಕು.

ಮೆಸೇಜ್ ಬರದಿದ್ದರೆ? ಅರ್ಧ ಗಂಟೆ ಬಿಟ್ಟು ಇಲ್ಲಿಂದ ಫೋನ್. ಎತ್ತದಿದ್ದರೆ ಡ್ರೈವರಿಗೆ, ಆಮೇಲೆ ಹೋಟೆಲ್ ರಿಸೆಪ್ಶನ್‌ಗೆ, ಆಮೇಲೆ ವಿತರಕರಿಗೆ. ಎರಡು ಗಂಟೆಯಾದರೂ ಸುಳಿವಿಲ್ಲದಿದ್ದರೆ ಅಕ್ರಾದ ಭಾರತೀಯ ಹೈಕಮಿಷನ್‌ಗೆ. ಈ ಕ್ರಮ ಬರೆದಿರಬೇಕು, ಆ ನಂಬರುಗಳೆಲ್ಲ ಅದರ ಪಕ್ಕದಲ್ಲೇ ಇರಬೇಕು. ಯಾಕೆಂದರೆ ಆ ಹೊತ್ತಿನಲ್ಲಿ ಮನೆಯವರು "ಚಾರ್ಜ್ ಮುಗಿದಿರಬಹುದು, ಇನ್ನೊಂದು ಸ್ವಲ್ಪ ನೋಡೋಣ" ಅಂತಲೇ ಕಾಯುತ್ತಾರೆ. ಎಲ್ಲರೂ ಹಾಗೇ ಮಾಡುವುದು. ಹಾಳೆ ಇದ್ದರೆ ಸಂಕೋಚ ಇಲ್ಲದೆ ಫೋನ್ ಎತ್ತಿಕೊಳ್ಳುತ್ತಾರೆ. ಘಾನಾದ ತುರ್ತು ನಂಬರ್ 112. ಪೊಲೀಸ್ 191, ಅಗ್ನಿಶಾಮಕ 192, ಆಂಬುಲೆನ್ಸ್ 193.

ವಿಳಾಸ ಬರೆಯುವಾಗ "ಚರ್ಚ್ ಎದುರು, ಪೆಟ್ರೋಲ್ ಬಂಕ್ ಪಕ್ಕ" ಅಂತ ಬಿಡಬೇಡಿ. ಅಲ್ಲಿ ಜನ ದಾರಿ ಹೇಳುವುದು ಹಾಗೆಯೇ. ಆದರೆ 2017ರಿಂದ ಘಾನಾಪೋಸ್ಟ್ ಜಿಪಿಎಸ್ ಅಂತ ಒಂದು ವ್ಯವಸ್ಥೆ ಇದೆ. ಪ್ರತಿ ಜಾಗಕ್ಕೂ ಅಕ್ಷರ ಮತ್ತು ಅಂಕಿ ಸೇರಿದ ಒಂದು ಕೋಡ್. ಹೋಟೆಲ್, ಗೋದಾಮು, ಕಚೇರಿ, ಎಲ್ಲದರ ಕೋಡ್ ಮೊದಲೇ ಕೇಳಿ ಹಾಳೆಯಲ್ಲಿ ಬರೆಯಿರಿ. ಇಲ್ಲಿ ಕೂತವರು ಅದನ್ನು ಓದಿ ಹೇಳಿದರೆ ಅಲ್ಲಿ ಹುಡುಕುವವರು ನೇರ ಬಾಗಿಲಿಗೇ ಹೋಗಬಹುದು.

ಮಾರುಕಟ್ಟೆಗೆ ಹೋಗುವವರಿಗೆ ಒಂದೆರಡು ಮಾತು. ಒಕೈಶಿ, ಅದರ ಪಕ್ಕದ ಮಕೋಲಾ ಎರಡೂ ಕಡೆ ಕಾಲಿಡಲು ಜಾಗ ಇರುವುದಿಲ್ಲ. ತಲೆ ಮೇಲೆ ದೊಡ್ಡ ಬೋಗುಣಿ ಹೊತ್ತ ಕಯಾಯೇ ಅನ್ನುವ ಹಮಾಲಿ ಹೆಣ್ಣುಮಕ್ಕಳು "ಅಗೋ, ಅಗೋ", ಅಂದರೆ ದಾರಿ ಬಿಡಿ, ಅಂತ ಕೂಗುತ್ತಾ ಬರುತ್ತಾರೆ. ಕೇಳಿದ ಕೂಡಲೇ ಪಕ್ಕಕ್ಕೆ ಸರಿಯಿರಿ. ಆ ಸರಿದಾಟದಲ್ಲೇ ಜೇಬಿಗೆ ಕೈ ಬೀಳುವುದು. ನನ್ನ ಬ್ಯಾಗ್ ಎದೆ ಮೇಲಿರುತ್ತದೆ. ಒಳ್ಳೆಯ ಫೋನ್ ಹೋಟೆಲ್ ಲಾಕರಿನಲ್ಲಿ, ಕೈಯಲ್ಲಿ ಲೋಕಲ್ ಸಿಮ್ ಹಾಕಿದ ಅಗ್ಗದ ಫೋನ್. ದಿನಕ್ಕೆ ಬೇಕಾದಷ್ಟೇ ಸೀಡಿ (ಘಾನಾದ ಹಣ) ನೋಟು. ದೊಡ್ಡ ಮೊತ್ತವನ್ನು ಬ್ಯಾಂಕಿನಿಂದ ನಗದಾಗಿ ತೆಗೆದು ನಡೆದುಕೊಂಡು ಹೊರಬರುವ ಕೆಲಸವನ್ನು ಯಾರಿಗೂ ಒಪ್ಪಿಸಬೇಡಿ. ಕ್ಯಾಮೆರಾವನ್ನು ವಿಮಾನ ನಿಲ್ದಾಣ, ಸೇನೆಯ ಜಾಗ, ಅಧ್ಯಕ್ಷರ ಜುಬಿಲಿ ಹೌಸ್ ಕಡೆ ತಿರುಗಿಸಬೇಡಿ. ಸೈನಿಕರ ಮಾದರಿಯ ಮಚ್ಚೆ ಬಟ್ಟೆ (ಕ್ಯಾಮೊಫ್ಲಾಜ್) ಸಾಮಾನ್ಯ ಜನ ಹಾಕುವಂತಿಲ್ಲ, ಆ ಪ್ಯಾಂಟ್ ಮನೆಯಲ್ಲೇ ಇರಲಿ.

ಕೆಲಸದ ಮೇಲೆ ಹೋಗುವವರನ್ನು ನಿಜಕ್ಕೂ ಕೆಡವುವುದು ಚಿನ್ನ. ವಾಟ್ಸಾಪ್‌ನಲ್ಲಿ ಬರುತ್ತದೆ. ಮಾರುಕಟ್ಟೆಗಿಂತ ಕಡಿಮೆ ಬೆಲೆ, ಹಳ್ಳಿಯ ಮುಖ್ಯಸ್ಥರ ಚಿನ್ನ, ಒಂದು ಸಲ ಬಂದು ನೋಡಿ ಹೋಗಿ. ನೋಡಲು ಹೋದವರಿಗೆ ನಿಜವಾದ ಚಿನ್ನವನ್ನೇ ತೋರಿಸುತ್ತಾರೆ. ಆಮೇಲೆ ಪರೀಕ್ಷೆ ಫೀಸು, ವಿಮೆ, ಸಾಗಣೆ, ಕಸ್ಟಮ್ಸ್ ಅಂತ ಒಂದೊಂದೇ ಕಂತು. ಹಣ ಹೋದರೆ ಹೋಯಿತು ಅನ್ನಬಹುದು. ಆದರೆ ಗೊತ್ತಿಲ್ಲದ ಮನೆಗೆ, ಗೊತ್ತಿಲ್ಲದವರ ಗಾಡಿಯಲ್ಲಿ, ಯಾರಿಗೂ ಹೇಳದೆ ಹೋಗಿರುತ್ತಾರಲ್ಲ, ಅದು ನನಗೆ ಭಯ. ಗುಟ್ಟಿನ ವ್ಯವಹಾರ ಅಂತ ಹಾಳೆಯಲ್ಲೂ ಬರೆದಿರುವುದಿಲ್ಲ. 2025ರಲ್ಲಿ ಘಾನಾ ಸರ್ಕಾರ ಗೋಲ್ಡ್ ಬೋರ್ಡ್ ರಚಿಸಿ, ವಿದೇಶಿಯರು ಏಪ್ರಿಲ್ 30ರೊಳಗೆ ಸ್ಥಳೀಯ ಚಿನ್ನದ ವ್ಯಾಪಾರ ಬಿಡಬೇಕು ಅಂತ ಹೇಳಿತು. ಅಂದರೆ ಹೋಟೆಲ್ ಲಾಬಿಯಲ್ಲಿ ಪುಡಿ ಚಿನ್ನ ಕೊಳ್ಳಲು ಕೂತ ವಿದೇಶಿಯೇ ಕಾನೂನಿನ ಎದುರು ತಪ್ಪಿತಸ್ಥ. ಮೋಸ ಹೋದ ಮೇಲೆ ದೂರು ಕೊಡಲೂ ಬಾಯಿ ಬರುವುದಿಲ್ಲ. "ಟೆಂಡರ್ ನಿಮಗೇ ಆಗಿದೆ, ನೋಂದಣಿ ಹಣ ಕಟ್ಟಿ ಬನ್ನಿ" ಅನ್ನುವುದೂ ಇದೇ ಜಾತಿ. ಸರ್ಕಾರಿ ಕೆಲಸವಾದರೆ ಸರ್ಕಾರಿ ಕಚೇರಿಯ ಒಳಗೇ ಭೇಟಿ ಅಂತ ಪಟ್ಟು ಹಿಡಿಯಿರಿ.

ಹೋಟೆಲ್ ಬಗ್ಗೆ ಜಾಸ್ತಿ ಇಲ್ಲ. ಗೇಟಿನಲ್ಲಿ ಗಾಡಿ ತಪಾಸಣೆ ಇರುವ ಜಾಗ, ನೆಲಮಹಡಿ ಬಿಟ್ಟು ಎರಡರಿಂದ ಐದನೇ ಮಹಡಿಯೊಳಗೆ ಕೋಣೆ. ಕೋಣೆಯಿಂದ ಮೆಟ್ಟಿಲಿಗೆ ಎಷ್ಟು ಬಾಗಿಲು ಅಂತ ಬಂದ ದಿನವೇ ಎಣಿಸಿ, ಹೊಗೆ ತುಂಬಿದರೆ ಗೋಡೆ ಮುಟ್ಟಿಕೊಂಡೇ ಹೋಗಬೇಕು. ಒಬ್ಬಳೇ ಹೋದಾಗ ನಾನು ಬಾಗಿಲ ಕೆಳಗೆ ಸಿಕ್ಕಿಸುವ ರಬ್ಬರ್ ಬೆಣೆ ಒಯ್ಯುತ್ತೇನೆ. ರಿಸೆಪ್ಶನ್‌ನವರು ಕೋಣೆ ನಂಬರ್ ಜೋರಾಗಿ ಹೇಳಿದರೆ ಬೇರೆ ಕೋಣೆ ಕೇಳುತ್ತೇನೆ. ಕೊಡುತ್ತಾರೆ, ಬೇಜಾರು ಮಾಡಿಕೊಳ್ಳುವುದಿಲ್ಲ.

ಕೊನೆಗೆ ಸೊಳ್ಳೆ. ಇದನ್ನು ಭದ್ರತೆಯ ಹಾಳೆಯಲ್ಲಿ ಬರೆದರೆ ಕೆಲವರು ನಗುತ್ತಾರೆ, ನಾನು ಬಿಡುವುದಿಲ್ಲ. ಹಳದಿ ಜ್ವರದ ಲಸಿಕೆ ಕನಿಷ್ಠ 10 ದಿನ ಮುಂಚೆ ಆಗಿರಬೇಕು. ಆ ಕಾರ್ಡ್ ಇಲ್ಲದೆ ವಾಪಸ್ ಬಂದರೆ ಭಾರತದಲ್ಲಿ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮಲೇರಿಯಾಕ್ಕೆ ಲಸಿಕೆ ನಂಬಿ ಕೂರಬೇಡಿ, ವೈದ್ಯರು ಬರೆದ ತಡೆ ಮಾತ್ರೆಯನ್ನು ಬಂದ ಮೇಲೂ ಅವರು ಹೇಳಿದಷ್ಟು ದಿನ ನುಂಗಿ. ಅಲ್ಲಿನ ಮಲೇರಿಯಾ ಹೆಚ್ಚಾಗಿ ಫಾಲ್ಸಿಪ್ಯಾರಮ್, ಬೇಗ ಮಿದುಳಿಗೆ ಏರುವ ಜಾತಿ. ಬಂದು ವಾರಗಳ ನಂತರ ಜ್ವರ ಕಾಣಿಸಬಹುದು. ಆಗ ವೈದ್ಯರ ಮುಂದೆ ಕೂತು ಮೊದಲು ಹೇಳಬೇಕಾದ ಮಾತು "ಘಾನಾಗೆ ಹೋಗಿಬಂದಿದ್ದೇನೆ" ಅನ್ನುವುದು. ಮೊದಲ ರಕ್ತಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ 12ರಿಂದ 24 ಗಂಟೆಯೊಳಗೆ ಮತ್ತೆ ಮಾಡಿಸಿ ಅಂತ ಕೇಳಿ. ಜ್ವರ ಏರಿ ನಿಮಗೆ ಮಾತಾಡಲು ಆಗದಿದ್ದರೆ ಹೇಳಬೇಕಾದವರು ಮನೆಯವರು. ಹಾಗಾಗಿ ಈ ಸಾಲುಗಳು ಅವರ ಹತ್ತಿರ ಇರುವ ಹಾಳೆಯಲ್ಲೂ ಇರಲಿ.