ಡಬ್ಬಿ ಬಿಚ್ಚಿಸಿದ ಮೇಷ್ಟ್ರು

ನಮ್ಮ ವಿಜ್ಞಾನದ ಮೇಷ್ಟ್ರು ಹೋದ ವರ್ಷ ತೀರಿಕೊಂಡರು. ಬೇರೆ ಪಾಠಗಳೆಲ್ಲ ನನಗೆ ಮರೆತೇ ಹೋಗಿವೆ. ಪೋಷಕಾಂಶಗಳ ಪಾಠ ಮಾತ್ರ ಉಳಿದಿದೆ. ಯಾಕೆಂದರೆ ಅವರು ಅದನ್ನು ಪುಸ್ತಕದಿಂದ ಶುರು ಮಾಡಲೇ ಇಲ್ಲ. "ಡಬ್ಬಿ ಬಿಚ್ರೋ" ಅಂದರು.

ಚಿತ್ರಾನ್ನದಲ್ಲಿ ಪಿಷ್ಟ, ಅದರಲ್ಲಿರುವ ಕಡಲೆಬೀಜದಲ್ಲಿ ಕೊಬ್ಬು, ಅವರೆಕಾಳಿನಲ್ಲಿ ಪ್ರೋಟೀನು. ಕಡಲೆಬೀಜವನ್ನು ಕಾಗದದ ಮೇಲೆ ಉಜ್ಜಿ ಬೆಳಕಿಗೆ ಹಿಡಿಸಿದರು. ಎಣ್ಣೆ ಕಲೆಯಲ್ಲಿ ಕಿಟಕಿಯ ಬೆಳಕು ಕಂಡಿತು. ಪಿಷ್ಟ, ಪ್ರೋಟೀನು ಗ್ರಾಮಿಗೆ 4 ಕ್ಯಾಲೊರಿ ಕೊಟ್ಟರೆ ಕೊಬ್ಬು 9 ಕೊಡುತ್ತದೆ ಎಂದು ಆಮೇಲೆ ಹೇಳಿದರು. ರಾಗಿರೊಟ್ಟಿ ತಂದು ನಾಚಿಕೊಳ್ಳುತ್ತಿದ್ದ ಹುಡುಗನನ್ನು ಮುಂದೆ ಕರೆದು ಕೂರಿಸಿದರು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ, ಅಕ್ಕಿಯಲ್ಲಿ ಹೆಚ್ಚೆಂದರೆ 10. ಅವನ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದೆ.

ಮರುದಿನ ನಮ್ಮ ಗುಂಪು ಲ್ಯಾಬಿನಿಂದ ಅಯೋಡಿನ್ ಬಾಟಲಿ ಹಾರಿಸಿತು. ಊಟದ ಬೆಲ್ಲಿಗೆ ಮೊದಲೇ ಸಿಕ್ಕಸಿಕ್ಕ ಡಬ್ಬಿಗೆಲ್ಲ ಹನಿ ಬಿತ್ತು. ಇಡ್ಲಿ, ಆಲೂಗಡ್ಡೆ ಕಡುನೀಲಿಯಾದವು. "ವಿಷ!" ಎಂದು ಯಾರೋ ಕಿರುಚಿದರು. ಹೆಡ್‌ಮಾಸ್ಟರು ಬೆತ್ತ ಹಿಡಿದೇ ಬಂದರು. ಮೇಷ್ಟ್ರು ನಡುವೆ ನಿಂತು ಎಲ್ಲ ಡಬ್ಬಿಗಳನ್ನು ಬೆಂಚಿನ ಮೇಲೆ ಸಾಲಾಗಿ ಇಡಿಸಿದರು. ಮೊಟ್ಟೆಯ ಬಿಳಿಭಾಗ ಯಾಕೆ ನೀಲಿಯಾಗಲಿಲ್ಲ ಎಂದು ಕೇಳಿದರು. "ಅದರಲ್ಲಿ ಪಿಷ್ಟ ಇಲ್ಲ ಸಾರ್" ಎಂದು ಮೊದಲು ಹೇಳಿದವಳು ನಾನೇ. ಊಟ ಕೆಟ್ಟವರಿಗೆಲ್ಲ ಮೇಷ್ಟ್ರ ಮನೆಯಿಂದ ಅನ್ನ, ಸಾರು ಬಂತು. ಡಬ್ಬಿ ತೊಳೆಯುವ ಕೆಲಸ ನಮ್ಮದಾಯಿತು.

ನಾನೀಗ ಮಕ್ಕಳ ಡಾಕ್ಟರು. ರಕ್ತಹೀನತೆಯ ಮಕ್ಕಳನ್ನು ಕರೆತರುವ ತಾಯಂದಿರಿಗೆ ಮಾತ್ರೆಯ ಜೊತೆಗೆ ಮೇಷ್ಟ್ರ ಮಾತನ್ನೂ ಹೇಳುತ್ತೇನೆ: ಸೊಪ್ಪು, ಕಾಳಿನ ಮೇಲೆ ನಿಂಬೆಹಣ್ಣು ಹಿಂಡಿ, ಕಬ್ಬಿಣ ಮೈಗೆ ಹತ್ತುತ್ತೆ, ಊಟದ ಹಿಂದೆಯೇ ಟೀ ಕೊಡಬೇಡಿ. ದೂರದ ಹಳ್ಳಿಗಳಿಂದಲೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಅದರಲ್ಲಿ ಮೇಷ್ಟ್ರ ಪಾಲು ದೊಡ್ಡದು.

ನನ್ನ ತಮ್ಮನ ಮಗಳು ಹತ್ತನೇ ಕ್ಲಾಸು. ವಿಟಮಿನ್ ಎ, ಡಿ, ಇ, ಕೆ ಕೊಬ್ಬಿನಲ್ಲಿ ಕರಗುತ್ತವೆ ಎಂದು ಒಂದೇ ಉಸಿರಿಗೆ ಹೇಳುತ್ತಾಳೆ. ಹಾಗಾದ್ರೆ ನುಗ್ಗೆಸೊಪ್ಪಿನ ಪಲ್ಯಕ್ಕೆ ಎಣ್ಣೆ ಯಾಕೆ ಬೇಕು ಎಂದು ಕೇಳಿದರೆ ಸುಮ್ಮನಾಗುತ್ತಾಳೆ. ತಪ್ಪು ಅವಳದಲ್ಲ. ಉತ್ತರ ಕಲಿಸಿದ್ದಾರೆ, ತಟ್ಟೆ ತೋರಿಸಿಲ್ಲ.

ಮಕ್ಕಳಿಗೆ ವರ್ಷಕ್ಕೊಮ್ಮೆಯಾದರೂ ಡಬ್ಬಿ ಬಿಚ್ಚಿಸಿ ಈ ಪಾಠ ಮಾಡಿ ಎಂದು ಶಾಲೆಯನ್ನು ಕೇಳಿಕೊಂಡಿದ್ದೇನೆ. ಅಯೋಡಿನ್ ಖರ್ಚು ನಮ್ಮ ಬ್ಯಾಚಿನದು. ಒಂದು ಮಾತು ಮರೆಯಬೇಡಿ: ಅನ್ನ ಆರಿದ ಮೇಲೆ ಹನಿ ಹಾಕಿ, ಬಿಸಿಯಲ್ಲಿ ಬಣ್ಣ ನಿಲ್ಲುವುದಿಲ್ಲ.