ರಜಕ್ಕೆ ಎಲ್ಲಿಗೂ ಹೋಗಲ್ವಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಶಾಲೆಗೆ ರಜ ಕೊಟ್ಟ ವಾರ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಬೇಸಿಗೆ ರಜಕ್ಕೂ ಕೇಳುತ್ತಾರೆ, ದಸರಾ ರಜಕ್ಕೂ ಕೇಳುತ್ತಾರೆ. ಕಚೇರಿಯಲ್ಲಿ ಊಟದ ಡಬ್ಬಿ ಬಿಚ್ಚುತ್ತಾ ಯಾರಾದರೊಬ್ಬರು, "ಈ ಸಲ ಮಕ್ಕಳನ್ನ ಕರ್ಕೊಂಡು ಎಲ್ಲಿಗೆ ಹೊರಟ್ರಿ?" ಅನ್ನುತ್ತಾರೆ.

"ಕೊಕ್ಕರೆ ಬೆಳ್ಳೂರು, ಮೇಲುಕೋಟೆ, ಒಂದಿನ ರಂಗನತಿಟ್ಟು" ಅನ್ನುತ್ತೇನೆ.

"ಅವೆಲ್ಲಾ ಇಲ್ಲೇ ಇವೆಯಲ್ಲ! ಅದಿರಲಿ, ರಜಕ್ಕೆ ಎಲ್ಲಿಗೆ?"

ರಜಕ್ಕೇ ಅಲ್ಲಿಗೆ ಅಂದರೆ ಮುಂದಿನ ಪ್ರಶ್ನೆ ಬರುತ್ತದೆ. "ಹೋದ ವರ್ಷಾನೂ ಅಲ್ಲಿಗೇ ಹೋಗಿದ್ರಿ ಅಲ್ವಾ? ಮಕ್ಕಳಿಗೆ ಬೇಜಾರಾಗಲ್ವಾ?" ನಿಂತಲ್ಲೇ ಎರಡು ಮಾತಿನಲ್ಲಿ ಹೇಳಿ ಮುಗಿಸುವ ಉತ್ತರ ಇದಕ್ಕೆ ನನ್ನ ಹತ್ತಿರ ಇಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮ ಮನೆ ಮಂಡ್ಯ ಪೇಟೆಯಲ್ಲಿ. ಮನೆಯಲ್ಲಿ ಐದು ಜನ: ನಾವಿಬ್ಬರು, ಇಬ್ಬರು ಮಕ್ಕಳು, ಅತ್ತೆ. ದೊಡ್ಡವಳು ಈಗ ಎಂಟನೇ ಕ್ಲಾಸು, ಚಿಕ್ಕವನು ಐದನೇ ಕ್ಲಾಸು. ಅವರಿನ್ನೂ ಚಿಕ್ಕವರಿದ್ದಾಗ ಒಂದು ಬೇಸಿಗೆಯಲ್ಲಿ ನಾವೂ ದೂರದ ಒಂದು ಬೆಟ್ಟದ ಊರಿಗೆ ಹೋಗಿದ್ದೆವು. ಆರು ದಿನದ ಪ್ರವಾಸದಲ್ಲಿ ಎರಡು ದಿನ ದಾರಿಯಲ್ಲೇ ಕಳೆಯಿತು. ಘಾಟಿಯ ತಿರುವಿಗೊಂದು ಸಲ ಚಿಕ್ಕವನು ವಾಂತಿ ಮಾಡಿಕೊಂಡ. ಫೋಟೊದಲ್ಲಿ ನೋಡಿ ದುಡ್ಡು ಕಟ್ಟಿದ ರೂಮೇ ಬೇರೆ, ಅಲ್ಲಿ ಹೋದ ಮೇಲೆ ಕೊಟ್ಟ ರೂಮೇ ಬೇರೆ. ಅತ್ತೆಗೆ ಮಂಡಿನೋವು, ಅಷ್ಟು ದೂರ ಕೂರಲಾಗದು ಅಂತ ಅವರನ್ನು ನಾದಿನಿ ಮನೆಯಲ್ಲಿ ಬಿಟ್ಟು ಹೋಗಿದ್ದೆವು. ವಾಪಸು ಬಂದ ರಾತ್ರಿ ಮಗನನ್ನು ಮಲಗಿಸುತ್ತಾ "ಏನು ಚೆನ್ನಾಗಿತ್ತು ಕಂದಾ?" ಅಂತ ಕೇಳಿದೆ. "ಅಜ್ಜಿ ಬಂದಿದ್ರೆ ಚೆನ್ನಾಗಿರ್ತಿತ್ತು" ಅಂದ. ಆ ಮಾತು ನನ್ನೊಳಗೆ ಉಳಿದುಬಿಟ್ಟಿತು.

ಮುಂದಿನ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ, ಬೆಳಗಿನ ಜಾವವೇ ಎದ್ದು ಚಿತ್ರಾನ್ನ, ಮೊಸರನ್ನ ಕಲಸಿ ಡಬ್ಬಿಗೆ ತುಂಬಿ ಐವರೂ ಕೊಕ್ಕರೆ ಬೆಳ್ಳೂರಿಗೆ ಹೋದೆವು. ಮದ್ದೂರು ತಾಲ್ಲೂಕು, ಶಿಂಷಾ ನದಿಯ ಹತ್ತಿರದ ಊರು. ಬೆಂಗಳೂರು–ಮೈಸೂರು ಹಳೇ ಹೆದ್ದಾರಿಯಿಂದ ಒಳಗೆ ತಿರುಗಿದರೆ ಸಿಗುತ್ತದೆ. ನಮ್ಮ ಮನೆಯಿಂದ ಒಂದು ಗಂಟೆಯ ದಾರಿಯೂ ಇಲ್ಲ. ಇಷ್ಟು ಹತ್ತಿರದ ಊರಿಗೆ ನಾನು ಅಲ್ಲಿಯವರೆಗೆ ಒಮ್ಮೆಯೂ ಹೋಗಿರಲಿಲ್ಲ.

ಅಲ್ಲಿ ಟಿಕೆಟ್ಟಿಲ್ಲ, ಗೇಟಿಲ್ಲ. ಮನೆಗಳ ನಡುವೆ, ಹಿತ್ತಿಲಲ್ಲಿ, ಬೀದಿ ತಿರುವಿನಲ್ಲಿ ದೊಡ್ಡ ದೊಡ್ಡ ಹುಣಸೆಮರ, ಅತ್ತಿಮರ. ಅವುಗಳ ನೆತ್ತಿಯ ಮೇಲೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳ ಗೂಡು. ಹೆಜ್ಜಾರ್ಲೆ ಅಂದರೆ ಪೆಲಿಕನ್, ಕೊಕ್ಕಿನ ಕೆಳಗೆ ಚೀಲ ಇರುವ ಹಕ್ಕಿ. ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಏಳಡಿ. ಅಷ್ಟು ದೊಡ್ಡ ಹಕ್ಕಿ ಬಾಯಲ್ಲಿ ಒಂದು ಪುರಲೆ ಕಚ್ಚಿಕೊಂಡು ಹೆಂಚಿನ ಮನೆ ಮೇಲೆ ತೇಲಿ ಬಂದು ಕೊಂಬೆಗೆ ಇಳಿದಾಗ ಇಡೀ ಕೊಂಬೆ ತೂಗಿತು. ಮಗ ನನ್ನ ಸೆರಗು ಹಿಡಿದುಕೊಂಡ. ಕೆಳಗೆ ನೆಲವೆಲ್ಲ ಸುಣ್ಣ ಚೆಲ್ಲಿದ ಹಾಗೆ ಹಿಕ್ಕೆ, ಮೀನಿನ ವಾಸನೆ. ಅದರ ಪಕ್ಕದಲ್ಲೇ ಒಬ್ಬರು ಅಜ್ಜಿ ಅಂಗಳ ಗುಡಿಸಿ ನೀರು ಹಾಕುತ್ತಿದ್ದರು.

"ಗಲೀಜು ಮಾಡ್ತವಲ್ಲ, ಬೇಜಾರಾಗಲ್ವಾ ಅಜ್ಜಿ?" ಅಂತ ಮಗಳು ಕೇಳಿದಳು.

"ಯಾಕವ್ವ ಬೇಜಾರು? ನಮ್ ಹೆಣ್ಮಕ್ಳಿದ್ದಂಗೆ ಕಣವ್ವ ಅವು. ಬಾಣ್ತನಕ್ಕೆ ತವರಿಗೆ ಬತ್ತವೆ, ಮಕ್ಳು ಮಾಡ್ಕಂಡು ಒಯ್ತವೆ" ಅಂದರು.

ಅಲ್ಲಿ ಎಲ್ಲರೂ ಇದೇ ಮಾತು ಹೇಳುತ್ತಾರೆ, ಹಾಗೇ ನಡೆದುಕೊಳ್ಳುತ್ತಾರೆ ಕೂಡ. ಗೂಡು ಕಟ್ಟಿದ ಮರದ ಹುಣಸೆಹಣ್ಣು ಉದುರಿಸುವುದಿಲ್ಲ. ಅದಕ್ಕೆ ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರವನ್ನೂ ಕೊಡುತ್ತದೆ. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ಗೂಡಿನಿಂದ ಕೆಳಗೆ ಬಿದ್ದ ಮರಿಗಳನ್ನು ಊರಿನ ಹೆಜ್ಜಾರ್ಲೆ ಬಳಗದವರು ಎತ್ತಿ ಸಾಕುತ್ತಾರೆ. 2007ರಲ್ಲಿ ಸರ್ಕಾರ ಈ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಹಕ್ಕಿ ಮತ್ತು ಊರಿನ ಈ ನೆಂಟಸ್ತನ ಅದಕ್ಕಿಂತ ಎಷ್ಟೋ ಹಳೆಯದು.

ಆವತ್ತು ಹನ್ನೊಂದು ಗಂಟೆಗೆಲ್ಲ ಮನೆಗೆ ಹೊರಟೆವು. ಕಾರು ಹತ್ತುತ್ತಾ ಮಗಳು ಕೇಳಿದ್ದು, "ಅಮ್ಮಾ, ಮರಿ ಯಾವಾಗ ಆಗುತ್ತೆ?"

ನನ್ನ ಉತ್ತರ ಈ ಪ್ರಶ್ನೆಯಲ್ಲೇ ಇದೆ. ದೂರದ ಊರಾಗಿದ್ದರೆ ಮರಿ ಯಾವಾಗ ಆಗುತ್ತದೆ ಅನ್ನುವುದನ್ನು ಫೋನಿನಲ್ಲಿ ಹುಡುಕಿ ಹೇಳಿ ಸುಮ್ಮನಾಗಬೇಕಿತ್ತು. ಇದು ಹತ್ತಿರದ ಊರು. "ಮಾರ್ಚಿಯಲ್ಲಿ ಬರೋಣ, ನೀನೇ ನೋಡುವಂತೆ" ಅನ್ನಲು ಸಾಧ್ಯವಾಯಿತು. ಮಾರ್ಚಿಯಲ್ಲಿ ಹೋದಾಗ ಜನವರಿಯ ಆ ಸದ್ದಿಲ್ಲದ ಮರ ಗದ್ದಲದ ಮರವಾಗಿತ್ತು. ದೊಡ್ಡ ಹೆಜ್ಜಾರ್ಲೆಗಳು ಸದ್ದು ಮಾಡುವುದು ಕಡಿಮೆ, ಕಿರುಚುವುದೆಲ್ಲ ಮರಿಗಳೇ. ಬಿಳೀ ತುಪ್ಪುಳದ ಮರಿಯೊಂದು ತಾಯಿಯ ಗಂಟಲಿನ ಚೀಲದೊಳಗೆ ಕತ್ತಿನವರೆಗೂ ತಲೆ ತುರುಕಿ ಮೀನು ತಿನ್ನುತ್ತಿತ್ತು. "ನುಂಗಿಬಿಡ್ತು!" ಅಂತ ಮಗ ಕೂಗಿದ. ಎರಡು ನಿಮಿಷ ಬಿಟ್ಟು ಮರಿಯ ತಲೆ ಹೊರಗೆ ಬಂದ ಮೇಲೇ ಅವನ ಉಸಿರು ಸಲೀಸಾದದ್ದು.

ಏಪ್ರಿಲ್ ರಜದಲ್ಲಿ ಮತ್ತೆ ಹೋದೆವು. ಬಿಸಿಲು ಏರುತ್ತಿತ್ತು. ಒಂದು ಬಣ್ಣದ ಕೊಕ್ಕರೆ ಗೂಡಿನ ಅಂಚಿನಲ್ಲಿ ನಿಂತು ಎರಡೂ ರೆಕ್ಕೆಯನ್ನು ಅರ್ಧ ಬಿಚ್ಚಿ ಹಿಡಿದಿತ್ತು. ಹಾರುವುದಕ್ಕೆ ಅಂದುಕೊಂಡೆವು. ಹಾರಲೇ ಇಲ್ಲ. ನೆರಳು ಮರಿಗಳ ಮೇಲೆ ಬೀಳುವ ಹಾಗೆ ನಿಂತಿತ್ತು. ನಾವು ಇದ್ದಷ್ಟು ಹೊತ್ತೂ ಅದು ರೆಕ್ಕೆ ಮಡಚಲಿಲ್ಲ. ಅತ್ತೆ ಒಂದು ಜಗಲಿಯಲ್ಲಿ ಕೂತು ಅದನ್ನೇ ನೋಡುತ್ತಾ, "ನಿಮ್ಮಪ್ಪನ್ನ ಗದ್ದೆ ಬದೂನಲ್ಲಿ ಮಲಗಿಸಿ ನಾಟಿ ಹಾಕ್ತಿದ್ದಾಗ ನಾನೂ ಹಿಂಗೇ ಕಣ್ರೋ, ಸೀರೆ ಕಟ್ಟಿ ನೆರಳು ಮಾಡ್ತಿದ್ದೆ" ಅಂತ ಮೊಮ್ಮಕ್ಕಳಿಗೆ ಹೇಳಿದರು. ಇಷ್ಟು ವರ್ಷದಲ್ಲಿ ನಾನು ಆ ಕಥೆ ಕೇಳಿದ್ದು ಅದೇ ಮೊದಲು.

ಒಂದು ವರ್ಷ ಮಳೆ ಕೈಕೊಟ್ಟಿತು. ಜನವರಿಯಲ್ಲಿ ನಮ್ಮ ಮಕ್ಕಳು "ನಮ್ಮ ಮರ" ಅನ್ನುವ ಹುಣಸೆಯಲ್ಲಿ ಎರಡೇ ಗೂಡು. ಕೆರೆಗಳು ತುಂಬದಿದ್ದರೆ ಮೀನಿಲ್ಲ, ಮೀನಿಲ್ಲದಿದ್ದರೆ ಮರಿ ಸಾಕಲಾಗದು, ಹಾಗಾಗಿ ಹಕ್ಕಿಗಳು ಬರುವುದೇ ಕಡಿಮೆ. ಊರವರು ಇದನ್ನು ಹೇಳಿದ ಮೇಲೆ ಮಗಳು ದಾರಿಯುದ್ದಕ್ಕೂ ಮಾತಾಡಲಿಲ್ಲ. ಆಮೇಲಿಂದ ದೀಪಾವಳಿ ಹೊತ್ತಿಗೆ ಬಸ್ಸಿನಲ್ಲಿ ಎಲ್ಲಿಗೆ ಹೋದರೂ ಕಿಟಕಿಯಿಂದ ಕೆರೆ ನೋಡುತ್ತಾಳೆ. "ಈ ಸಲ ಕೋಡಿ ಬಿದ್ದಿದೆ ಅಮ್ಮಾ, ಬರ್ತವೆ" ಅನ್ನುತ್ತಾಳೆ. ಇಂಥ ಮಕ್ಕಳಿಗೆ ಬೇಜಾರಾಗಲ್ವಾ ಅಂತ ಕೇಳಿದರೆ ನಾನೇನು ಹೇಳಲಿ?

ರಂಗನತಿಟ್ಟು ಎಲ್ಲರಿಗೂ ಗೊತ್ತಿರುವ ಜಾಗ, ಹೆಚ್ಚು ಹೇಳಬೇಕಿಲ್ಲ. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟೆ ಕಟ್ಟಿದಾಗ ಆದ ನಡುಗಡ್ಡೆಗಳು ಅವು. ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು, ಕರ್ನಾಟಕದಿಂದ ಸೇರಿದ ಮೊದಲ ತಾಣ. ಅಲ್ಲಿ ದೋಣಿಗೆ ಹುಟ್ಟು ಹಾಕುವವರ ಹತ್ತಿರ ಕೂರಿ ಅನ್ನುವುದೊಂದೇ ನನ್ನ ಸಲಹೆ. ಯಾವ ಹಕ್ಕಿ ಯಾವ ಬಂಡೆಯ ಮೇಲೆ ಮೊಟ್ಟೆ ಇಟ್ಟಿದೆ ಅನ್ನುವುದು ಅವರಿಗೆ ಗೊತ್ತಿರುತ್ತದೆ. ಬಂಡೆಯ ಮೇಲೆ ಬಾಯಿ ತೆರೆದುಕೊಂಡು ಅಲ್ಲಾಡದೆ ಮಲಗಿದ್ದ ಮೊಸಳೆಯನ್ನು ಕಂಡು ಮಗ ಹೆದರಿದಾಗ, "ಕಚ್ಚಕ್ಕಲ್ಲ ಪುಟ್ಟ, ಮೈ ತಂಪು ಮಾಡ್ಕೊಳಕ್ಕೆ ಬಾಯಿ ಬಿಟ್ಟಿರೋದು" ಅಂತ ಅವರೇ ಬಿಡಿಸಿ ಹೇಳಿದ್ದು. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ. ಆಗ ಹೋಗಿ ನಿರಾಸೆ ಪಡಬೇಡಿ.

ಮೇಲುಕೋಟೆ ಅತ್ತೆಯ ಊರಿನಂತೆ. ಅವರ ತವರು ಅದರ ಹತ್ತಿರದ ಹಳ್ಳಿ, ಚಿಕ್ಕಂದಿನಲ್ಲಿ ಗಾಡಿ ಕಟ್ಟಿಕೊಂಡು ವೈರಮುಡಿಗೆ ಹೋಗುತ್ತಿದ್ದರಂತೆ. ಆ ವೈರಮುಡಿ ಕಿರೀಟವನ್ನು ನಮ್ಮ ಮಂಡ್ಯದ ಖಜಾನೆಯಲ್ಲಿ ಇಟ್ಟು ಉತ್ಸವಕ್ಕೆ ಮೆರವಣಿಗೆಯಲ್ಲಿ ಒಯ್ಯುವುದು ಅಂತ ತಿಳಿದಾಗಿನಿಂದ ಮಗನಿಗೆ ಖಜಾನೆಯ ಮುಂದೆ ಹಾದುಹೋಗುವುದೇ ಒಂದು ಸಂಭ್ರಮ. ಉತ್ಸವದ ದಿನ ಮಕ್ಕಳನ್ನು ಕರೆದುಕೊಂಡು ಹೋಗುವುದು ಕಷ್ಟ, ಜನವೋ ಜನ. ನಾವು ಸಾಮಾನ್ಯ ದಿನ ಬಸ್ಸಿನಲ್ಲೇ ಹೋಗುತ್ತೇವೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ನಾನು, ಅತ್ತೆ, ಮಗಳು ಮೂವರಿಗೂ ಟಿಕೆಟ್ ದುಡ್ಡಿಲ್ಲ. "ನನ್ನ ದುಡ್ಡಲ್ಲೇ ಹೋಗ್ತಿದೀನಿ ಅನ್ನಿಸ್ತದೆ" ಅನ್ನುತ್ತಾರೆ ಅತ್ತೆ.

ಅವರು ಕಲ್ಯಾಣಿಯ ಮೆಟ್ಟಿಲ ಮೇಲೆ ನೆರಳು ನೋಡಿ ಕೂರುತ್ತಾರೆ. ನಾವು ಯೋಗನರಸಿಂಹನ ಬೆಟ್ಟ ಹತ್ತುತ್ತೇವೆ. ಮೇಲೆ ಹೋಗಿ ಗೋಡೆ ಪಕ್ಕ ನಿಂತರೆ ಕೆಳಗೆ ಕಲ್ಯಾಣಿ ಚೌಕಾಕಾರದ ತಟ್ಟೆಯ ಹಾಗೆ ಕಾಣುತ್ತದೆ. ಆ ಮೆಟ್ಟಿಲುಗಳಲ್ಲಿ ಅಜ್ಜಿಯ ಹಸಿರು ಸೀರೆ ಎಲ್ಲಿದೆ ಅಂತ ಮೊದಲು ಹುಡುಕಿದವರು ಗೆದ್ದ ಹಾಗೆ. ಅವರೂ ನಮ್ಮನ್ನು ಹುಡುಕುತ್ತಾ ಇರುತ್ತಾರೆ, ಅಂದಾಜಿನ ಮೇಲೆ ಸೆರಗು ಎತ್ತಿ ಬೀಸುತ್ತಾರೆ. ಇಳಿದು ಬಂದು ಪುಳಿಯೋಗರೆ ತಿಂದು, ಅಕ್ಕ ತಂಗಿ ಕೊಳ, ರಾಯಗೋಪುರ ಸುತ್ತಿ ಸಂಜೆ ಬಸ್ಸು ಹಿಡಿಯುತ್ತೇವೆ. ರಾಯಗೋಪುರದಲ್ಲಿ ಎತ್ತರದ ಕಂಬಗಳಿವೆ, ಮೇಲೆ ಗೋಪುರವಿಲ್ಲ. ಯಾಕೆ ಪೂರ್ತಿ ಮಾಡಲಿಲ್ಲ ಅನ್ನುವುದಕ್ಕೆ ಮಗ ಪ್ರತಿ ಸಲ ಒಂದು ಹೊಸ ಕಥೆ ಕಟ್ಟುತ್ತಾನೆ. ಕೋತಿಗಳಿವೆ, ಕೈಯಲ್ಲಿ ತಿಂಡಿ ಕವರು ಹಿಡಿದು ನಡೆಯಬೇಡಿ.

ಬೇಸಿಗೆಯ ಬಿಸಿಲಿಗೆ ಏನು ಮಾಡುತ್ತೀರಿ ಅಂತಲೂ ಕೇಳುತ್ತಾರೆ. ಬೆಳಗಿನ ಜಾವ ಹೊರಟು ಹನ್ನೊಂದಕ್ಕೆಲ್ಲ ಮನೆ ಸೇರುತ್ತೇವೆ. ಹತ್ತಿರ ಇದ್ದರೆ ಮಾತ್ರ ಇದು ಆಗುವುದು. ಮಧ್ಯಾಹ್ನ ಎಲ್ಲರೂ ಮಲಗಿ, ಬಿಸಿಲು ತಗ್ಗಿದ ಮೇಲೆ ಊರಾಚೆ ಆಲೆಮನೆಗೆ ಹೋದರೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ. ಪಾಕ ಹದಕ್ಕೆ ಬಂದಾಗ ಕಬ್ಬಿನ ತುಂಡಿಗೆ ಬಿಸಿ ಬೆಲ್ಲ ಸುತ್ತಿ ಮಕ್ಕಳ ಕೈಗೆ ಕೊಡುತ್ತಾರೆ.

ನೀರಿನ ವಿಷಯದಲ್ಲಿ ಮಾತ್ರ ನಾನು ಬಹಳ ಗಟ್ಟಿ. ಬಲಮುರಿ, ಎಡಮುರಿ, ಮುತ್ತತ್ತಿ ಎಲ್ಲವೂ ನೋಡಲು ಸೊಗಸು. ಆದರೆ ಕಾವೇರಿಯ ತಳ ಒಂದೇ ಸಮ ಇಲ್ಲ. ಮೊಣಕಾಲುದ್ದ ಇರುವ ಕಡೆಯಿಂದ ಒಂದು ಹೆಜ್ಜೆ ಮುಂದಿಟ್ಟರೆ ಮಡು, ಬಂಡೆ ಮೇಲೆ ಪಾಚಿ, ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ ನೋಡನೋಡುತ್ತಾ ಹೊಳೆ ಏರುತ್ತದೆ. ಅಲ್ಲಿ ಜೀವ ಕಳೆದುಕೊಂಡ ಮಕ್ಕಳ ಸುದ್ದಿ ಪ್ರತಿ ಬೇಸಿಗೆ ಪೇಪರಿನಲ್ಲಿ ಓದಿ ಹೊಟ್ಟೆ ಉರಿಯುತ್ತದೆ. ನಮ್ಮ ಮಕ್ಕಳು ದಡದಲ್ಲಿ ಕೂತು ಪಾದ ಅದ್ದುತ್ತಾರೆ, ಅಷ್ಟೇ. ಅತ್ತರೂ ಅಷ್ಟೇ. ನೀವೂ ದಯವಿಟ್ಟು ಹಾಗೇ ಮಾಡಿ.

ಅದೇ ಕಾವೇರಿಯನ್ನು ದೂರದಿಂದ, ಕಣ್ತುಂಬ ನೋಡುವ ಜಾಗ ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿ. ಶಿವನಸಮುದ್ರದಲ್ಲಿ ಹೊಳೆ ಎರಡು ಕವಲಾಗುತ್ತದೆ, ಒಂದು ಕವಲು ಗಗನಚುಕ್ಕಿ, ಇನ್ನೊಂದು ಭರಚುಕ್ಕಿ. ಅಲ್ಲಿನ ನೀರಿನಿಂದ ತೆಗೆದ ಕರೆಂಟು 1902ರಲ್ಲಿ ಅಷ್ಟು ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು, ಬೆಂಗಳೂರಿಗೆ ಬಂದದ್ದು ಆಮೇಲೆ, 1905ರಲ್ಲಿ. ಮಕ್ಕಳು ಅದನ್ನು ಮೊದಲು ನೋಡಿದ್ದು ಒಂದು ಏಪ್ರಿಲ್‌ನಲ್ಲಿ. ಬರೀ ಕರೀ ಬಂಡೆ, ನಡುವೆ ಒಂದೆರಡು ಬಿಳೀ ಎಳೆ. "ಇಷ್ಟೇನಾ?" ಅಂದಿದ್ದರು. ಅದೇ ವರ್ಷ ಆಗಸ್ಟ್‌ನಲ್ಲಿ ಅದೇ ಕಟಕಟೆಯ ಹಿಂದೆ ನಿಂತಾಗ ಬಂಡೆ ಒಂದೂ ಕಾಣಲಿಲ್ಲ. ಹನಿ ಮುಖಕ್ಕೆ ಸಿಡಿಯುತ್ತಿತ್ತು, ಒಬ್ಬರ ಮಾತು ಒಬ್ಬರಿಗೆ ಕೇಳಿಸದಷ್ಟು ಭೋರ್ಗರೆತ. ಏಪ್ರಿಲ್‌ನ ಆ ಒಣಬಂಡೆ ನೋಡಿರದಿದ್ದರೆ ಅವರಿಬ್ಬರೂ ಅಷ್ಟು ಹೊತ್ತು ಬಾಯಿ ಬಿಟ್ಟುಕೊಂಡು ನಿಲ್ಲುತ್ತಿರಲಿಲ್ಲ ಅಂತ ನನಗೆ ಖಾತ್ರಿ.

ದೂರ ಹೋಗುವವರನ್ನು ಬೇಡ ಅನ್ನುವುದಿಲ್ಲ. ಮಗಳಿಗೆ ಹಿಮಾಲಯ ನೋಡುವ ಆಸೆ ಇದೆ, ಒಂದಲ್ಲ ಒಂದು ದಿನ ಹೋಗುತ್ತೇವೆ.

ಈ ಭಾನುವಾರ ಮಾತ್ರ ಮತ್ತೆ ಗಗನಚುಕ್ಕಿ. ಕೆಆರ್‌ಎಸ್ ತುಂಬಿದೆ, ಕಬಿನಿಯಿಂದಲೂ ನೀರು ಬಿಟ್ಟಿದ್ದಾರೆ ಅಂತ ಮಗ ಪೇಪರಿನಲ್ಲಿ ಓದಿ ಹೇಳಿದ. ಅತ್ತೆ ಒಳಗೆ ಬುತ್ತಿಗೆ ಹುಣಸೆ ಗೊಜ್ಜು ಕುದಿಸುತ್ತಿದ್ದಾರೆ. ಛತ್ರಿ ಎಲ್ಲಿಟ್ಟಿದ್ದೀಯ ಅಂತ ಕೂಗುತ್ತಿದ್ದಾರೆ, ಹೋಗಿ ಹುಡುಕಿಕೊಡಬೇಕು.