‘ಚೈನೀಸ್ ಬರುತ್ತಾ? ಏನಾದ್ರೂ ಮಾತಾಡು ನೋಡೋಣ’

ಆರು ವರ್ಷ ನಾನ್ನಿಂಗ್‌ನಲ್ಲಿ ಮೆಡಿಕಲ್ ಓದಿದೆ. ದಕ್ಷಿಣ ಚೀನಾದ ಗುವಾಂಗ್‌ಶಿಯ ರಾಜಧಾನಿ ಅದು. ವಾಪಸ್ ಬಂದ ಮೇಲೆ ಮದುವೆ, ಗೃಹಪ್ರವೇಶ, ತಿಥಿ ಎಲ್ಲ ಕಡೆ ಇದೇ ಪ್ರಶ್ನೆ. ಹೌದು, ತಿಥಿಯಲ್ಲೂ. ಬಾಯಲ್ಲಿ ವಡೆ ಇದ್ದಾಗ.

ಉತ್ತರ ಇಲ್ಲಿ ಬರೆದುಬಿಡುತ್ತೇನೆ. ಇನ್ನು ಕೇಳಿದವರಿಗೆ ಲಿಂಕ್ ಕಳಿಸಿ ಸುಮ್ಮನಾಗುತ್ತೇನೆ.

ಮ್ಯಾಂಡರಿನ್, ಅಂದರೆ ಅಲ್ಲಿನ ಸರ್ಕಾರಿ ಭಾಷೆ, ಬರುತ್ತೆ. ಎಲ್ಲಿ ನೋವು, ಎಷ್ಟು ದಿನದಿಂದ ಅಂತ ರೋಗಿಯನ್ನು ಕೇಳುವಷ್ಟು. ಅವರು ಹೇಳಿದ್ದು ತಿಳೀತಿತ್ತಾ ಅನ್ನೋದು ಬೇರೆ ಮಾತು. ಒಂದು ಮಂಚದ ಅಜ್ಜ ಕ್ಯಾಂಟನೀಸ್‌ನಲ್ಲಿ ನರಳುತ್ತಿದ್ದ. ಪಕ್ಕದ ಮಂಚದ ಅಜ್ಜಿ ಆ ಕಡೆಯ ಜುವಾಂಗ್ ಜನರ ಭಾಷೆಯಲ್ಲಿ. ನನ್ನ ಜೊತೆ ಇದ್ದ ಇಂಟರ್ನ್ ಹುಡುಗಿ ಅಪ್ಪಟ ಚೀನಾದವಳೇ, ಆದರೆ ದೂರದ ಉತ್ತರದ ಹಾರ್ಬಿನ್‌ನವಳು. ‘ಏನಂತೆ?’ ಅಂತ ಅವಳೇ ನನ್ನ ಮುಖ ನೋಡುತ್ತಿದ್ದಳು.

ಹುಬ್ಬಳ್ಳಿಯ ಮದುವೆಯೊಂದರಲ್ಲಿ ದೊಡ್ಡಪ್ಪನ ಬೀಗರು ಪ್ರಶ್ನೆಯನ್ನು ಇನ್ನೂ ಚೆಂದ ಮಾಡಿದರು. ‘ಡಾಕ್ಟ್ರೇ, ಒಂದೆರಡು ಚಿಂಗ್ ಚಾಂಗ್ ಬಿಡ್ರಲ್ಲ.’ ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ, ಮದುವೆ ಮನೆ ನೋಡಿ. ಇದೇ ಮನುಷ್ಯ ದೆಹಲಿ ಸ್ಟೇಷನ್ನಿನಲ್ಲಿ ಯಾರೋ ತನಗೆ ‘ಮದ್ರಾಸಿ’ ಅಂದನಂತೆ ಅಂತ ನಲವತ್ತು ವರ್ಷದಿಂದ ಸಿಟ್ಟು ಮಾಡಿಕೊಂಡು ಕಥೆ ಹೇಳುತ್ತಾರೆ.

ಚೀನಾ ಸರ್ಕಾರದ ಲೆಕ್ಕದಲ್ಲೇ ಅಲ್ಲಿ 56 ಜನಾಂಗಗಳಿವೆ ಸ್ವಾಮಿ. ನೂರಕ್ಕೆ 91 ಮಂದಿ ಹಾನ್, ಸರಿ. ಆದರೆ ಹಾನ್ ಜನರಲ್ಲೇ ಕ್ಯಾಂಟನ್ನಿನವರ ಮಾತು ಶಾಂಘೈನವರಿಗೆ ತಿಳಿಯಲ್ಲ. ಉಳಿದ 55ರಲ್ಲಿ ಜುವಾಂಗ್ ಎಲ್ಲಕ್ಕಿಂತ ದೊಡ್ಡದು. 2020ರ ಜನಗಣತಿಯಲ್ಲಿ ಸುಮಾರು 1.96 ಕೋಟಿ. ಅವರ ಭಾಷೆ ಥಾಯ್ ಭಾಷೆಗೆ ನೆಂಟ. ಊಟ ಮಾಡುವುದಕ್ಕೆ ಮ್ಯಾಂಡರಿನ್‌ನಲ್ಲಿ ‘ಚ್ ಫಾನ್’, ಜುವಾಂಗ್‌ನಲ್ಲಿ ‘ಕಿನ್ ಹಾವ್’, ಬ್ಯಾಂಕಾಕ್‌ನಲ್ಲಿ ‘ಕಿನ್ ಖಾವ್’. ಯಾರು ಯಾರ ಕಡೆಯವರು ಅಂತ ನೀವೇ ಹೇಳಿ.

‘ಅಲ್ಲಿನ ನೋಟಿನ ಮೇಲೆ ಎಷ್ಟು ಭಾಷೆ ಇವೆ?’ ಅಂತ ಒಬ್ಬರಾದರೂ ಕೇಳಬಾರದಾ? ಚೀನೀ ಬಿಟ್ಟು ನಾಲ್ಕು: ಮಂಗೋಲಿಯನ್, ಟಿಬೆಟನ್, ಉಯ್ಗುರ್, ಜುವಾಂಗ್. ಜುವಾಂಗ್ ಇರುವುದು ಇಂಗ್ಲಿಷ್ ಅಕ್ಷರಗಳಲ್ಲಿ.

ನಮ್ಮ ಹಾಸ್ಟೆಲ್ ಗುಡಿಸಿ ಒರೆಸುತ್ತಿದ್ದ ಹೆಂಗಸು ಜುವಾಂಗ್. ಅಲ್ಲಿ ಅಂಥವರನ್ನು ‘ಆಯಿ’ ಅಂತಾರೆ, ಅಂದರೆ ಚಿಕ್ಕಮ್ಮ. ನಮ್ಮ ಕಡೆ ಆಯಿ ಅಂದರೆ ಅಜ್ಜಿ, ಹಾಗಾಗಿ ನನಗೆ ಕರೆಯುವುದು ಸುಲಭವಾಯ್ತು. ಅವಳ ಊರು ವೂಮಿಂಗ್. 1957ರಲ್ಲಿ ಸರ್ಕಾರ ಜುವಾಂಗ್‌ಗೆ ಹೊಸ ಬರವಣಿಗೆ ಮಾಡಿದಾಗ ಆಧಾರ ಮಾಡಿಕೊಂಡದ್ದು ಆ ಊರಿನ ಮಾತನ್ನೇ.

ಒಂದು ದಿನ ಒಂದು ಯುವಾನ್ ನೋಟು ಹಿಡಿದು ಅವಳಿಗೆ ಓದಿ ತೋರಿಸಿದೆ. ‘ಚುಂಗ್‌ಹ್‌ಗೋಜ್ ಯಿನ್‌ಜ್‌ಮಿನ್‌ಜ್ ಯಿನ್‌ಜ್‌ಹಾಂಗ್‌ಜ್.’

‘ಇದು ಯಾವ ದೇಶದ್ದು?’ ಅಂದಳು.

‘ನಿಮ್ಮದೇ.’

ನಂಬಲಿಲ್ಲ. ಮಾಪ್ ಗೋಡೆಗೆ ಒರಗಿಸಿ ನೋಟನ್ನು ಕಣ್ಣ ಹತ್ತಿರ ಹಿಡಿದಳು. ಅವಳಿಗೆ ಆ ಅಕ್ಷರ ಓದಲು ಯಾರೂ ಕಲಿಸಿರಲಿಲ್ಲ. ನನಗೂ ಆಮೇಲೆ ಗೊತ್ತಾಯ್ತು, ಕೊನೆಯ ಹ, ಜ ಎಲ್ಲ ಉಚ್ಚರಿಸುವುದಕ್ಕಲ್ಲ, ದನಿ ಏರಬೇಕಾ ಇಳಿಯಬೇಕಾ ಅನ್ನೋ ಗುರುತು ಅಷ್ಟೇ. ಅವನ್ನು ಬಿಟ್ಟು ಓದಿದೆ. ಆಯಿ ಜೋರಾಗಿ ನಕ್ಕಳು. ‘ಇದು ಚೈನೀಸೇ ಅಲ್ವಾ? ನಿನ್ನ ಉಚ್ಚಾರ ಸರಿ ಇಲ್ಲ ಅಷ್ಟೇ!’ ಅವಳ ಮಾತೂ ಸರಿಯೇ. ನೋಟಿನ ಮೇಲಿದ್ದದ್ದು ‘ಚೀನಾ ಜನರ ಬ್ಯಾಂಕು’ ಅಂತ. ಚೀನಾ, ಜನ, ಬ್ಯಾಂಕು ಮೂರೂ ಪದ ಚೀನೀ ಭಾಷೆಯಿಂದ ತಂದವೇ.

ನನ್ನ ಪರ್ಸ್‌ನಲ್ಲಿ ಹತ್ತು ರೂಪಾಯಿ ನೋಟೊಂದು ಇತ್ತು. ಹಿಂದೆ ಸಾಲಾಗಿರುವ 15 ಭಾಷೆ ತೋರಿಸಿದೆ. ‘ನಿನ್ನದು ಯಾವುದು?’ ನಾಲ್ಕನೆಯ ಸಾಲಿಗೆ ಬೆರಳಿಟ್ಟೆ. ‘ಓದು.’ ಓದಿದೆ. ‘ಇನ್ನೊಂದ್ಸಲ.’

ಆಯಿ ತನ್ನ ಅವ್ವನ ಜೊತೆ ಫೋನಿನಲ್ಲಿ ಜುವಾಂಗ್ ಮಾತಾಡುತ್ತಿದ್ದಳು, ಮೊಮ್ಮಗನ ಜೊತೆ ಮ್ಯಾಂಡರಿನ್. ಯಾಕೆ ಅಂದರೆ ‘ಸ್ಕೂಲಿಗೆ ಹೋಗ್ಬೇಕಲ್ಲಾ’ ಅನ್ನುತ್ತಿದ್ದಳು. ಅದು 2018. 2021ರಿಂದ ಇಂಥ ಜನಾಂಗಗಳ ಪ್ರದೇಶಗಳ ಶಿಶುವಿಹಾರಗಳಲ್ಲೂ ಮ್ಯಾಂಡರಿನ್ನೇ ಅಂತ ಸರ್ಕಾರದ ಆದೇಶವಾಗಿದೆ. ಹುಡುಗನಿಗೆ ಆಗ ಜುವಾಂಗ್‌ನಲ್ಲಿ ಬರುತ್ತಿದ್ದದ್ದು ನಾಲ್ಕು ಬೈಗುಳ ಮತ್ತು ‘ಕಿನ್ ಹಾವ್’.

ಬೀಗರು ಬಿಡಲಿಲ್ಲ ಅಂತ ಮದುವೆಯಲ್ಲಿ ನಾನೂ ಅದನ್ನೇ ಹೇಳಿದೆ. ‘ಕಿನ್ ಹಾವ್.’ ಪಂಕ್ತಿಯಲ್ಲಿ ಚಪ್ಪಾಳೆ ಬಿತ್ತು. ‘ಭೇಷ್, ಪಕ್ಕಾ ಚೈನೀಸ್!’ ಅಂದರು ಬೀಗರು. ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.